ಕತ್ತಲಲ್ಲಿ ಕೂಡಿ ಅಂಜುವ ಸುಖ



ಮಕ್ಕಳು ಅಂಜುವಂಥ ಚಿತ್ರಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಬೇಕೋ ಬೇಡವೋ? ಕುಷ್ಟಗಿಯ ನಮ್ಮ ಓಣಿಯ ತಾಯಂದಿರ ನಡುವೆ ಈ ಮಾತು ಜೋರಾಗಿ ನಡೆದದ್ದು 2025ರ ಶ್ರಾವಣದಲ್ಲಿ. ನಾಗರ ಅಮಾವಾಸ್ಯೆಯ ಮರುದಿನ, ಜುಲೈ 25ರಂದು, ‘ಮಹಾವತಾರ್ ನರಸಿಂಹ’ ಎಂಬ ಅನಿಮೇಷನ್ ಚಿತ್ರ ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ತೆರೆಕಂಡಿತು. ನಿರ್ದೇಶಕ ಅಶ್ವಿನ್ ಕುಮಾರ್ ಅವರಿಗೆ ಅದು ಮೊದಲ ಚಿತ್ರ. ಅದನ್ನು ಜನರ ಮುಂದೆ ತಂದವರು ‘ಕೆಜಿಎಫ್’, ‘ಕಾಂತಾರ’ ತೆಗೆದ ಬೆಂಗಳೂರಿನ ಹೊಂಬಾಳೆ ಫಿಲ್ಮ್ಸ್‌ನವರು. ಚಿತ್ರದಲ್ಲಿ ಹೆಸರು ಮಾಡಿದ ನಟರ ಮುಖವಿಲ್ಲ. ಎಲ್ಲವೂ ಗಣಕಯಂತ್ರದಲ್ಲಿ ಬರೆದು, ಜೀವ ತುಂಬಿ, ನಡೆಸಿದ ಆಕೃತಿಗಳು. ಮೊದಲ ದಿನ ಜನ ಅಷ್ಟಕ್ಕಷ್ಟೇ ಇದ್ದರು. ನೋಡಿ ಬಂದವರು ನೋಡದವರಿಗೆ ಹೇಳಿದರು, ಅವರು ಮತ್ತೊಬ್ಬರಿಗೆ ಹೇಳಿದರು. ಕೊನೆಗೆ ಅದರ ಗಳಿಕೆ ಮುನ್ನೂರು ಕೋಟಿ ರೂಪಾಯಿ ದಾಟಿತು. ಭಾರತದ ಯಾವ ಅನಿಮೇಷನ್ ಚಿತ್ರವೂ ಅದಕ್ಕೆ ಮೊದಲು ಅಷ್ಟು ಗಳಿಸಿದ್ದಿಲ್ಲ. ಕೆಲವು ಕಡೆ ಜನ ಚಪ್ಪಲಿ ಹೊರಗೆ ಬಿಟ್ಟು ಚಿತ್ರಮಂದಿರದ ಒಳಗೆ ಹೋದರೆಂಬ ಸುದ್ದಿಯನ್ನೂ ಓದಿದೆವು.

ದೇವರ ಚಿತ್ರ ಅಂದಮೇಲೆ ಮಕ್ಕಳನ್ನು ಕರೆದುಕೊಂಡು ಹೋಗಲು ಯಾರ ಅಡ್ಡಿ? ಆದರೆ ನೋಡಿ ಬಂದವರು ಇನ್ನೊಂದು ಮಾತನ್ನೂ ಹೇಳುತ್ತಿದ್ದರು. ಹಿರಣ್ಯಕಶಿಪುವಿನ ಆರ್ಭಟ ದೊಡ್ಡವರ ಎದೆಯನ್ನೇ ನಡುಗಿಸುತ್ತದೆ, ಕೊನೆಯ ಕಾಳಗ ನೋಡಲು ಗಟ್ಟಿ ಜೀವ ಬೇಕು, ಸಣ್ಣ ಮಕ್ಕಳು ರಾತ್ರಿ ಬೆಚ್ಚಿ ಬಿದ್ದಾವು ಎಂದು. ಅದಕ್ಕೇ ತಾಯಂದಿರ ಚರ್ಚೆ.

ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುವ ಹೊತ್ತು ಅದು. ನನ್ನ ಮಗಳೂ ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಜೋಕಾಲಿ ಆಡಿ ಆಗಿತ್ತು, ಉಂಡಿಯ ಡಬ್ಬಿ ಅರ್ಧ ಖಾಲಿಯಾಗಿತ್ತು, ಮಕ್ಕಳಿಗೆ ಸಿನಿಮಾದ ಹಂಬಲ ಹತ್ತಿತ್ತು. ಹನ್ನೊಂದರ ಮೊಮ್ಮಗ, ಏಳರ ಮೊಮ್ಮಗಳು. ಹುಡುಗ ಹೋಗೇ ಹೋಗೋಣ ಅಂದ. ಹುಡುಗಿ ಬರುತ್ತೇನೆ ಅಂದಳು, ಆದರೆ ಅಜ್ಜನ ಪಕ್ಕದಲ್ಲೇ ಕೂರುತ್ತೇನೆ ಎಂಬ ಕರಾರು ಹಾಕಿದಳು. ಆ ಕರಾರಿನಲ್ಲಿ ಮಕ್ಕಳ ದೊಡ್ಡ ತಿಳಿವಳಿಕೆ ಇದೆ ಎಂಬುದು ನನ್ನ ನಂಬಿಕೆ. ಇವತ್ತು ನಿಮ್ಮೊಂದಿಗೆ ಮಾತಾಡಬೇಕೆಂದಿರುವುದೂ ಅದನ್ನೇ. ಅಂಜಿಕೆ ಮಕ್ಕಳಿಗೆ ಬೇಡವಾದ ವಸ್ತುವಲ್ಲ. ಅವರಿಗೆ ಬೇಡವಾದದ್ದು ಒಬ್ಬರೇ ಅಂಜುವುದು.

ತಾವರಗೇರಾ, ಕನಕಗಿರಿ ದಾಟಿ ಗಂಗಾವತಿಗೆ ಹೋಗಿ ಮ್ಯಾಟಿನಿ ಆಟಕ್ಕೆ ಕೂತೆವು. ಸಂಜೆಯ ಬಸ್ಸಿಗೆ ತಿರುಗಿ ಬರುವ ಲೆಕ್ಕ. ಒಳಗೆ ನೋಡಿದರೆ ಅರ್ಧ ಮಂದಿರ ಸಂಸಾರಗಳದ್ದೇ. ಮಗ್ಗುಲಲ್ಲಿ ಕೂಸು, ಕೈಯಲ್ಲಿ ಹಾಲಿನ ಬಾಟಲಿ ಹಿಡಿದ ತಾಯಿ. ವರ್ಷಗಟ್ಟಲೆ ಚಿತ್ರಮಂದಿರದ ಮೆಟ್ಟಿಲು ಹತ್ತದ ಮುದುಕಿಯರು. ಕಾಲೇಜು ಹುಡುಗರು. ತೆರೆಯ ಮೇಲೆ ಮೊದಲು ಹಿರಣ್ಯಾಕ್ಷ ಬಂದ, ವರಾಹ ಬಂದ. ಅಲ್ಲಿಯವರೆಗೆ ನನ್ನ ಮೊಮ್ಮಗಳು ಧೈರ್ಯವಾಗಿಯೇ ಇದ್ದಳು. ತಮ್ಮನನ್ನು ಕಳೆದುಕೊಂಡ ಹಿರಣ್ಯಕಶಿಪು ಎದ್ದು ನಿಂತ ಮೇಲೆ ಅವಳ ಕೈ ಮೆಲ್ಲಗೆ ನನ್ನ ಅಂಗಿಯ ತೋಳಿಗೆ ಬಂತು. ಮಧ್ಯಂತರದ ನಂತರ ಬಹಳ ಹೊತ್ತು ಆ ಕೈ ಅಲ್ಲಿಂದ ಕದಲಲಿಲ್ಲ.

ಕಂಬದ ಹೊತ್ತು ಬಂತು. ನಿನ್ನ ಹರಿ ಈ ಕಂಬದಲ್ಲಿ ಇದ್ದಾನೇನು ಎಂಬ ಪ್ರಶ್ನೆಯನ್ನು ನಾವೆಲ್ಲ ಹುಟ್ಟಿದಾಗಿನಿಂದ ಕೇಳುತ್ತ ಬಂದವರು. ಮುಂದೆ ಏನಾಗುತ್ತದೆಂದು ಮಂದಿರದಲ್ಲಿ ಗೊತ್ತಿಲ್ಲದವರೇ ಇರಲಿಲ್ಲ. ಆದರೂ ಅಷ್ಟು ಜನ ಒಟ್ಟಿಗೆ ಉಸಿರು ಹಿಡಿದದ್ದು ನನ್ನ ಕಿವಿಗೆ ಕೇಳಿತು. ಹಾಲು ಕುಡಿಯುವ ಕೂಸೂ ಸುಮ್ಮನಾಗಿತ್ತು. ಮೊಮ್ಮಗಳು ಎರಡೂ ಅಂಗೈಯಿಂದ ಮುಖ ಮುಚ್ಚಿಕೊಂಡು ಬೆರಳ ಸಂದಿಯಿಂದ ನೋಡುತ್ತಿದ್ದಳು. ಹುಡುಗ ಯಾರಿಗೂ ಕಾಣದಂತೆ ಎರಡೂ ಕಾಲು ಎತ್ತಿ ಕುರ್ಚಿಯ ಮೇಲೆ ಇಟ್ಟುಕೊಂಡಿದ್ದ.

“ಅಜ್ಜಾ, ಬಂದನ? ಕಣ್ಣ ತೆಗೀಲೇನ?”

“ಬಂದಾನ. ತೆಗಿ ಬೇಕಂದ್ರ. ನಾ ಇಲ್ಲೇ ಅದೀನಲ್ಲ.”

ಆಚೆ ಬದಿಯ ಕುರ್ಚಿಯಲ್ಲಿ ಗುರುತು ಪರಿಚಯ ಇಲ್ಲದ ಒಬ್ಬ ಮುದುಕಿ ಕೂತಿದ್ದರು. ಇಳಕಲ್ ಸೀರೆ, ತಲೆಯ ಮೇಲೆ ಸೆರಗು. ಮಗುವಿನ ಮೊಣಕಾಲ ಮೇಲೆ ಕೈ ಇಟ್ಟು, “ಅಂಜಬ್ಯಾಡ ನನ್ನವ್ವ, ಅಂವ ನಮ್ಮ ಕಡೀ ಅದಾನ” ಅಂದರು. ಹುಡುಗಿ ಕೈ ತೆಗೆದು ನೋಡಿದಳು. ತೆರೆಯ ತುಂಬ ಹಲ್ಲು, ಉಗುರು, ಕೇಸರ. ನೋಡುತ್ತಲೇ ಇದ್ದಳು. ಕಾಳಗ ಮುಗಿದು ಆ ಉಗ್ರರೂಪ ಹುಡುಗ ಪ್ರಹ್ಲಾದನ ಎದುರು ಶಾಂತವಾದಾಗ ಇಡೀ ಮಂದಿರ ಒಮ್ಮೆಲೇ ಉಸಿರು ಬಿಟ್ಟಿತು. ಯಾರೋ ಗೋವಿಂದ ಅಂದರು, ಉಳಿದವರೂ ಅಂದರು.

ಬಸ್ಸಿನಲ್ಲಿ ಬರುವಾಗ ಅವಳ ಪ್ರಶ್ನೆ: ಅಷ್ಟು ದೊಡ್ಡ ಹಿರಣ್ಯಕಶಿಪುವೇ ಸತ್ತುಹೋದ, ಆ ಸಣ್ಣ ಹುಡುಗ ಯಾಕೆ ಅಂಜಲಿಲ್ಲ? ನಾನು ಅವಳಿಗೆ ಭಾಗವತದ ಏಳನೆಯ ಸ್ಕಂಧದ ಕತೆ ಹೇಳಿದೆ. ಅಸುರನನ್ನು ಕೊಂದ ಮೇಲೂ ನರಸಿಂಹನ ಸಿಟ್ಟು ಇಳಿಯಲಿಲ್ಲ. ಬ್ರಹ್ಮ, ರುದ್ರ, ಉಳಿದ ದೇವತೆಗಳು ಯಾರಿಗೂ ಹತ್ತಿರ ಹೋಗುವ ಧೈರ್ಯವಿಲ್ಲ. ಲಕ್ಷ್ಮಿಯನ್ನು ಕಳಿಸಿದರು, ಇಂಥ ರೂಪವನ್ನು ಎಂದೂ ಕಾಣದ ಆಕೆಯೂ ಹಿಂಜರಿದಳು. ಕೊನೆಗೆ ಬ್ರಹ್ಮ ಪ್ರಹ್ಲಾದನಿಗೆ, ನೀನು ಹೋಗಪ್ಪ ಅಂದ. ಹುಡುಗ ಹೋಗಿ ಕಾಲಿಗೆ ಬಿದ್ದ. ನರಸಿಂಹ ಅವನನ್ನು ಎತ್ತಿ ತಲೆಯ ಮೇಲೆ ಕೈ ಇಟ್ಟ. ದೇವಾನುದೇವತೆಗಳು ದೂರ ನಿಂತು ನಡುಗುವಲ್ಲಿ ಹತ್ತಿರ ಹೋಗುವ ಕೆಲಸವನ್ನು ಹಳಬರು ಒಬ್ಬ ಮಗುವಿಗೆ ಒಪ್ಪಿಸಿದ್ದಾರೆ. ಮಕ್ಕಳ ಮನಸ್ಸನ್ನು ಬಲ್ಲವರಲ್ಲದೆ ಬೇರೆಯವರು ಹೀಗೆ ಕತೆ ಕಟ್ಟಲಾರರು.

ನಮ್ಮ ಮಕ್ಕಳಿಗೆ ನರಸಿಂಹನ ಮುಖ ಅಪರಿಚಿತವೂ ಅಲ್ಲ. ನಮ್ಮ ಭಾಗದ ಶಾಲೆಯ ಪ್ರವಾಸ ಅಂದರೆ ಹೊಳೆಯಾಚೆಯ ಹಂಪಿ ಅದರಲ್ಲಿ ಇರಲೇಬೇಕು. ಕೃಷ್ಣದೇವರಾಯನ ಕಾಲದಲ್ಲಿ, 1528ರಲ್ಲಿ, ಒಂದೇ ಬಂಡೆಯಲ್ಲಿ ಕಡೆದ ಆ ನರಸಿಂಹನ ಎತ್ತರ ಆರೂ ಮುಕ್ಕಾಲು ಮೀಟರಿನ ಹತ್ತಿರ. ಹೊರಚಾಚಿದ ಕಣ್ಣುಗುಡ್ಡೆ, ಅಗಲಿಸಿದ ಬಾಯಿ. ಅದರ ಮುಂದೆ ನಿಂತ ಮಕ್ಕಳು ಮೊದಲು ಗೆಳೆಯರ ಕೈ ಹಿಡಿದುಕೊಳ್ಳುತ್ತಾರೆ, ಆಮೇಲೆ ಅದರಂತೆಯೇ ಕಣ್ಣು ಬಿಟ್ಟು ಬಾಯಿ ತೆರೆದು ನಗುತ್ತಾರೆ. ತೊಡೆಯ ಮೇಲಿದ್ದ ಲಕ್ಷ್ಮಿಯ ಮೂರ್ತಿ ಒಡೆದುಹೋಗಿದೆ. ಹಿಂದಕ್ಕೆ ಹೋಗಿ ನೋಡಿದರೆ ಅವನ ಬೆನ್ನನ್ನು ಬಳಸಿದ ಆಕೆಯ ಕೈ ಮಾತ್ರ ಉಳಿದಿದೆ. ಪ್ರವಾಸಕ್ಕೆ ಕರೆದೊಯ್ದ ಮಕ್ಕಳಿಗೆಲ್ಲ ನಾನು ಆ ಕೈ ತೋರಿಸುತ್ತಿದ್ದೆ.

ಶಾಲೆಯ ಮಾತು ಬಂದದ್ದಕ್ಕೆ ಇನ್ನೊಂದು ನೆನಪು. ರಾಜಕುಮಾರ್ ಹಿರಣ್ಯಕಶಿಪುವಾಗಿ ನಟಿಸಿದ ‘ಭಕ್ತ ಪ್ರಹ್ಲಾದ’ ಬಂದದ್ದು 1983ರಲ್ಲಿ. ನಾನಾಗ ಹೊಸದಾಗಿ ನೌಕರಿಗೆ ಸೇರಿದ ಮಾಸ್ತರ. ಚಿತ್ರ ನಮ್ಮ ಕಡೆಯ ಟೂರಿಂಗ್ ಟಾಕೀಸಿಗೆ ಬಂದಾಗ ಶಾಲೆಯ ಹುಡುಗರನ್ನು ಕಟ್ಟಿಕೊಂಡು ಹೋಗಿದ್ದೆ. ನೆಲದ ಮೇಲೆ ಚಾಪೆ, ಹೆಂಗಸರು ಒಂದು ಬದಿ, ಗಂಡಸರು ಒಂದು ಬದಿ, ಸುರುಳಿ ಬದಲಿಸುವಾಗ ದೀಪ. ಅಣ್ಣಾವ್ರು ಅಂದರೆ ಪ್ರಾಣ ಬಿಡುವ ಹುಡುಗರು ಅವತ್ತು ಅದೇ ಅಣ್ಣಾವ್ರ ಗದೆ ಕಂಡು ಒಬ್ಬರಿಗೊಬ್ಬರು ಅಂಟಿಕೊಂಡು ಕೂತಿದ್ದರು. ಪ್ರಹ್ಲಾದನ ಪಾತ್ರ ಮಾಡಿದವರು ಅವರ ಮಗ ಪುನೀತ್. ಮರುದಿನ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು, “ಸರ್, ಅಂವ ಖರೇನ ಅವರ ಅಪ್ಪನಂತ್ರೀ. ಮನ್ಯಾಗ ಎತ್ತಿಕೊಂಡಿರ್ತಾರ” ಅಂದ. ಉಳಿದವರ ಮುಖದಲ್ಲಿ ಆಗ ಮೂಡಿದ ಸಮಾಧಾನ ಇನ್ನೂ ನನ್ನ ಕಣ್ಣ ಮುಂದಿದೆ. ಅಂಜಿಸಿದವನು ಮನೆಗೆ ಹೋದ ಮೇಲೆ ಎತ್ತಿಕೊಳ್ಳುತ್ತಾನೆ ಎಂಬ ಭರವಸೆಯೊಂದು ಸಿಕ್ಕರೆ ಮಕ್ಕಳು ಎಂಥ ರಾಕ್ಷಸನನ್ನೂ ಇನ್ನೊಮ್ಮೆ ನೋಡಲು ತಯಾರು.

ತೆರೆಯ ಮೇಲೆ ಚಿತ್ರಗಳನ್ನು ಆಡಿಸಿ, ಊರನ್ನೆಲ್ಲ ಕತ್ತಲಲ್ಲಿ ಕೂರಿಸಿ ಅಂಜಿಸುವ, ಅಷ್ಟೇ ನಗಿಸುವ ವಿದ್ಯೆ ನಮ್ಮ ಕೊಪ್ಪಳ ಜಿಲ್ಲೆಗೆ ಸಿನಿಮಾದಿಂದ ಬಂದದ್ದಲ್ಲ. ಅದು ತೊಗಲುಗೊಂಬೆ ಆಟ. ಕೊಪ್ಪಳ ತಾಲ್ಲೂಕಿನ ಮೊರನಾಳ ಗ್ರಾಮದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು 96. ಬದುಕಿನ ಬಹುಪಾಲನ್ನು ಪರದೆಯ ಹಿಂದೆ ಕಳೆದವರು, ದೇಶದೇಶಗಳಲ್ಲಿ ರಾಮಾಯಣ, ಮಹಾಭಾರತ ಆಡಿಸಿ ಬಂದವರು. ಈ ಆಟ ಆಡಿಸುವ ಶಿಳ್ಳೇಕ್ಯಾತ ಸಮುದಾಯದವರ ಮನೆಮಾತು ಮರಾಠಿಯ ಒಂದು ರೂಪ, ಆಟದ ಮಾತು ಕನ್ನಡ. ಊರಿಂದ ಊರಿಗೆ ಗೊಂಬೆಗಳನ್ನು ಹೊತ್ತು ತಿರುಗಿದ ಈ ಜನರೇ ನಮ್ಮ ಹಳ್ಳಿಗಳಿಗೆ ಮೊದಲು ಚಲಿಸುವ ಚಿತ್ರ ತೋರಿಸಿದವರು. ಮಳೆ ಹೋದ ವರ್ಷ ಊರವರು ಪಟ್ಟಿ ಕೂಡಿಸಿ ಇವರನ್ನು ಕರೆಸಿ ಆಟ ಆಡಿಸುವುದಿತ್ತು. ದನಕರುಗಳಿಗೆ ಜಡ್ಡು ಬಂದಾಗಲೂ ಕರೆಸುತ್ತಿದ್ದರು.

ಗೊಂಬೆ ಮಾಡುವ ಬಗೆಯನ್ನು ಕೇಳಬೇಕು ನೀವು. ಹಿಂದೆ ಜಿಂಕೆಯ ತೊಗಲು, ಈಗ ಆಡಿನ ತೊಗಲು. ಕೂದಲು ತೆಗೆದು, ಬೆಳಕು ಹಾಯುವಷ್ಟು ತೆಳ್ಳಗೆ ಹೆರೆಯುತ್ತಾರೆ. ಅದರ ಮೇಲೆ ಗೆರೆ ಬರೆದು, ಎರಡೂ ಬದಿ ಬಣ್ಣ ತುಂಬಿ, ಸಣ್ಣ ಉಳಿಗಳಿಂದ ತೂತು ಹೊಡೆಯುತ್ತಾರೆ. ಪರದೆಗೆ ಒತ್ತಿ ಹಿಂದಿನಿಂದ ದೀಪ ಹಿಡಿದಾಗ ಆ ತೂತುಗಳೇ ಕಿರೀಟದ ಹರಳು, ಕೊರಳ ಹಾರ. ನಡುವೆ ಸೀಳಿದ ಬಿದಿರಿನ ಕಡ್ಡಿ, ಅದೇ ಬೆನ್ನೆಲುಬು. ದೇವರು, ರಾಜರು, ರಾಕ್ಷಸರು ದೊಡ್ಡ ಗೊಂಬೆಗಳು. ಸೇವಕರು, ಸಾಮಾನ್ಯರು ಸಣ್ಣವು.

ಅಂಜಿಸುವ ಗುಟ್ಟು ಇರುವುದು ದೀಪ ಮತ್ತು ಪರದೆಯ ನಡುವಿನ ಜಾಗದಲ್ಲಿ. ಗೊಂಬೆಯನ್ನು ಬಟ್ಟೆಗೆ ಒತ್ತಿ ಹಿಡಿದರೆ ಅದರ ಅಂಚು ಕತ್ತರಿಸಿಟ್ಟಷ್ಟು ಸ್ಪಷ್ಟ, ಬಣ್ಣ ಪೂರ್ತಿ ಕಾಣುತ್ತದೆ. ಅದನ್ನೇ ದೀಪದ ಕಡೆಗೆ ಸ್ವಲ್ಪ ಸ್ವಲ್ಪವೇ ಎಳೆಯಿರಿ. ಆಕೃತಿ ಹಿಗ್ಗುತ್ತದೆ, ಅಂಚು ಕರಗುತ್ತದೆ, ಬಣ್ಣ ಹೋಗಿ ಕಪ್ಪು ಉಳಿಯುತ್ತದೆ. ನೋಡುನೋಡುತ್ತ ಮೈರಾವಣ ಪರದೆಯನ್ನೇ ನುಂಗಿಬಿಡುತ್ತಾನೆ. ಮೈರಾವಣನ ಕಾಳಗ ಮಕ್ಕಳಿಗೆ ಎಲ್ಲಕ್ಕಿಂತ ಅಂಜಿಕೆಯ ಪ್ರಸಂಗ. ಮಲಗಿದ್ದ ರಾಮ, ಲಕ್ಷ್ಮಣರನ್ನು ಕದ್ದು ಪಾತಾಳಕ್ಕೆ ಒಯ್ದು ಕಾಳಿಗೆ ಬಲಿ ಕೊಡಲು ಹೊರಟವನು ಅವನು. ನಡುರಾತ್ರಿ, ಎಣ್ಣೆ ದೀಪ ಗಾಳಿಗೆ ಅಲ್ಲಾಡಿದರೆ ಇಡೀ ಪಾತಾಳ ಅಲ್ಲಾಡುತ್ತಿತ್ತು. ಅಷ್ಟು ಅಂಜಿಸಿದ ಮೇಲೆ ಪರದೆಗೆ ಬರುವವನು ಕಿಳ್ಳೇಕ್ಯಾತ, ಡೊಳ್ಳು ಹೊಟ್ಟೆಯ, ನಾಲಗೆಗೆ ಲಗಾಮು ಇಲ್ಲದ ಆಸಾಮಿ. ಹಿಂದೆಯೇ ಹೆಂಡತಿ ಬಂಗಾರಕ್ಕ ಬಂದು ಜಗಳ ತೆಗೆಯುತ್ತಾಳೆ. ಅಳುವ ಕೂಸುಗಳೂ ನಗುತ್ತವೆ. ನಗು ಮುಗಿಯುವಷ್ಟರಲ್ಲಿ ಮತ್ತೆ ಮೈರಾವಣ. ಎಷ್ಟು ಅಂಜಿಸಬೇಕು, ಯಾವಾಗ ಬಿಡಬೇಕು ಎಂಬ ಲೆಕ್ಕ ಆ ಕಲಾವಿದರ ಬೆರಳಿನಲ್ಲಿತ್ತು. ಪರದೆಯ ಈಚೆ ನಾವು ಅವ್ವನ ಸೆರಗಿನೊಳಗೆ ತಲೆ ಹುಗಿಸಿಕೊಂಡು, ಕೈಯಲ್ಲಿ ಮಂಡಾಳದ ಪೊಟ್ಟಣ ಹಿಡಿದು ಕೂತಿರುತ್ತಿದ್ದೆವು. ಅಂಜಿಕೆ ಹೆಚ್ಚಾದಾಗ ಮಂಡಾಳ ಬಾಯಿಗೆ ಹೋಗುವ ವೇಗವೂ ಹೆಚ್ಚುತ್ತಿತ್ತು.

ಈ ನೆರಳಿನ ವಿದ್ಯೆಗೂ ಅನಿಮೇಷನ್ ಸಿನಿಮಾಕ್ಕೂ ನೇರ ನಂಟಿದೆ. ಇಂದಿಗೆ ಉಳಿದಿರುವ ಪೂರ್ಣ ಪ್ರಮಾಣದ ಅನಿಮೇಷನ್ ಚಿತ್ರಗಳಲ್ಲಿ ಎಲ್ಲಕ್ಕಿಂತ ಹಳೆಯದು ಡಿಸ್ನಿಯದಲ್ಲ, ಜರ್ಮನಿಯ ಲೊಟ್ಟೆ ರೈನಿಗರ್ ಎಂಬ ಹೆಣ್ಣುಮಗಳದು. 1926ರಲ್ಲಿ ಬರ್ಲಿನ್ನಿನಲ್ಲಿ ತೆರೆಕಂಡ ‘ರಾಜಕುಮಾರ ಅಹ್ಮದನ ಸಾಹಸಗಳು’. ಪೂರ್ವದೇಶಗಳ ನೆರಳಿನಾಟವನ್ನು ಪ್ರೀತಿಸಿದ ಆಕೆ ಕಪ್ಪು ರಟ್ಟು ಮತ್ತು ತೆಳು ಸೀಸದ ತಗಡಿನಿಂದ ಗೊಂಬೆಗಳನ್ನು ಕತ್ತರಿಸಿ, ಕೀಲುಗಳಿಗೆ ತಂತಿ ಹಾಕಿ, ಗಾಜಿನ ಮೇಜಿನ ಮೇಲೆ ಮಲಗಿಸಿದರು. ಕೆಳಗಿನಿಂದ ದೀಪ, ಮೇಲಿನಿಂದ ಕ್ಯಾಮೆರಾ. ಗೊಂಬೆಯ ಕೈಯನ್ನು ಕೂದಲೆಳೆಯಷ್ಟು ಸರಿಸುವುದು, ಒಂದು ಚಿತ್ರ ತೆಗೆಯುವುದು. ಮತ್ತೆ ಸರಿಸುವುದು, ಮತ್ತೊಂದು ತೆಗೆಯುವುದು. ಹೀಗೆ ಮೂರು ವರ್ಷ, 1923ರಿಂದ 1926ರವರೆಗೆ. ಅದರಲ್ಲಿ ಮಾಂತ್ರಿಕನೊಬ್ಬನಿಗೂ ಮಾಟಗಾತಿಗೂ ನಡೆಯುವ ಕಾಳಗವಿದೆ. ಇಬ್ಬರೂ ಕ್ಷಣಕ್ಷಣಕ್ಕೆ ಪ್ರಾಣಿಗಳಾಗಿ ರೂಪ ಬದಲಿಸುತ್ತ ಹೊಡೆದಾಡುತ್ತಾರೆ. ಮೊರನಾಳದ ಪರದೆಯ ಮುಂದೆ ಕೂತು ಬೆಳೆದವರಿಗೆ ಅದರಲ್ಲಿ ಅರ್ಥವಾಗದ್ದು ಏನೂ ಇಲ್ಲ. ಡಿಸ್ನಿಯವರು 1929ರಲ್ಲಿ ‘ಅಸ್ಥಿಪಂಜರಗಳ ಕುಣಿತ’ ಎಂಬ ಕಿರುಚಿತ್ರ ತೆಗೆದರು. ನಡುರಾತ್ರಿ ಸ್ಮಶಾನದಲ್ಲಿ ಎಲುಬಿನ ಗೂಡುಗಳು ಎದ್ದು ಕುಣಿಯುತ್ತವೆ, ಒಂದರ ಬೆನ್ನೆಲುಬನ್ನು ಇನ್ನೊಂದು ವಾದ್ಯ ಮಾಡಿಕೊಂಡು ಬಾರಿಸುತ್ತದೆ. ಅಂದರೆ ಅನಿಮೇಷನ್ ಹುಟ್ಟಿದಂದಿನಿಂದ ಮಕ್ಕಳನ್ನು ಅಂಜಿಸಿ ನಗಿಸುವ ಕೆಲಸದಲ್ಲೇ ಇದೆ.

‘ಸ್ನೋ ವೈಟ್’ ಚಿತ್ರದ ಕತೆ ಇನ್ನೂ ಸ್ವಾರಸ್ಯದ್ದು. 1937ರಲ್ಲಿ ಡಿಸ್ನಿ ತಂದ ಆ ಚಿತ್ರದಲ್ಲಿ ಹುಡುಗಿ ಕಾಡಿನಲ್ಲಿ ಓಡುವಾಗ ಮರಗಳಿಗೆ ಕೈ ಬರುತ್ತದೆ, ಕತ್ತಲೆಗೆ ಕಣ್ಣು ಬರುತ್ತದೆ. ರಾಣಿ ಮುದಿ ಮಾಟಗಾತಿಯಾಗುತ್ತಾಳೆ. ಮರುವರ್ಷ ಅದು ಬ್ರಿಟನ್ನಿಗೆ ಹೋದಾಗ ಅಲ್ಲಿಯ ಸೆನ್ಸಾರಿನವರು ‘ಎ’ ಪತ್ರ ಕೊಟ್ಟರು. ಆ ಕಾಲದ ಅಲ್ಲಿಯ ‘ಎ’ ಅಂದರೆ ಮಕ್ಕಳು ನೋಡಲೇಬಾರದು ಎಂದಲ್ಲ. ಹದಿನಾರಕ್ಕಿಂತ ಸಣ್ಣವರು ದೊಡ್ಡವರ ಜೊತೆಗೆ ಬರಬೇಕು ಎಂದು. ಅದು ಬಹಳ ಸರಿಯಾದ ತೀರ್ಮಾನ ಎಂದೇ ನನ್ನ ಮತ. ನಮ್ಮಲ್ಲೂ ‘ಯುಎ’ ಪತ್ರ ಇರುವುದು ಅದಕ್ಕೇ. 2024ರಿಂದ ಅದನ್ನು ಏಳು, ಹದಿಮೂರು, ಹದಿನಾರು ಎಂದು ವಯಸ್ಸಿನ ಮೂರು ಹಂತ ಮಾಡಿದ್ದಾರೆ. ಟಿಕೆಟ್ ತೆಗೆಯುವ ಮೊದಲು ಆ ಅಂಕಿಯನ್ನು ತಂದೆತಾಯಿ ನೋಡಬೇಕು. ಅಂಕಿ ನೋಡಿದರೆ ಸಾಲದು, ತಮ್ಮ ಮಗು ಯಾವುದಕ್ಕೆ ಅಂಜುತ್ತದೆ ಎಂಬುದೂ ಅವರಿಗೆ ಗೊತ್ತಿರಬೇಕು.

ಈ ವಿಷಯವನ್ನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಜೋಆನ್ ಕ್ಯಾಂಟರ್ ಎಂಬ ಪ್ರಾಧ್ಯಾಪಕಿ ವರ್ಷಾನುಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಅವರು ಕಂಡುಕೊಂಡದ್ದನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ, ತೀರ ಸಣ್ಣ ಮಕ್ಕಳು ಅಂಜುವುದು ರೂಪಕ್ಕೆ. ದೊಡ್ಡ ಮಕ್ಕಳು ಅಂಜುವುದು ನಿಜವಾಗಿ ಆಗಬಹುದಾದ ಕೇಡಿಗೆ. ಉದಾಹರಣೆಗೆ, ಹಲ್ಕ್ ಎಂಬ ಟಿವಿ ಕತೆಯಲ್ಲಿ ಸಾಧು ಮನುಷ್ಯನೊಬ್ಬ ಸಿಟ್ಟು ಬಂದಾಗ ಹಸಿರು ದೈತ್ಯನಾಗಿ ಒಳ್ಳೆಯವರನ್ನು ಕಾಪಾಡುತ್ತಾನೆ. ಕಾಪಾಡುವವನು ಎಂಬುದು ಸಣ್ಣ ಮಕ್ಕಳ ತಲೆಗೆ ಹೋಗಲಿಲ್ಲ. ಮನುಷ್ಯನ ಮುಖ ಬದಲಾಗುವ ಗಳಿಗೆಯೇ ಅವರಿಗೆ ಎಲ್ಲಕ್ಕಿಂತ ಭಯಂಕರವಾಯಿತು. ನರಸಿಂಹನ ಮಾತೂ ಇದೇ. ಅವನು ಪ್ರಹ್ಲಾದನ ರಕ್ಷಕ ಎಂದು ಹನ್ನೊಂದರ ಹುಡುಗ ಬಲ್ಲ. ನಾಲ್ಕರ ಕೂಸಿಗೆ ಕಾಣುವುದು ಹಲ್ಲು ಮಾತ್ರ. ಅದರ ಮುಂದೆ ಇದೆಲ್ಲ ಸುಳ್ಳು, ಬರೀ ಚಿತ್ರ ಅಂತ ಬುದ್ಧಿ ಹೇಳಿ ಉಪಯೋಗವಿಲ್ಲ. ಮಡಿಲಲ್ಲಿ ಕೂರಿಸಿಕೊಳ್ಳುವುದು, ಕೈ ಹಿಡಿಯುವುದು, ಕುಡಿಯಲು ತಿನ್ನಲು ಏನಾದರೂ ಕೊಡುವುದು, ಇವೇ ಆ ವಯಸ್ಸಿಗೆ ನಾಟುವ ಉಪಾಯಗಳು ಎನ್ನುತ್ತದೆ ಅವರ ಅಭ್ಯಾಸ. ಅವ್ವನ ಸೆರಗು ಮತ್ತು ಮಂಡಾಳದ ಪೊಟ್ಟಣದ ಬೆಲೆ ಇದನ್ನು ಓದಿದ ಮೇಲೆ ನನ್ನ ಕಣ್ಣಲ್ಲಿ ಇನ್ನೂ ಹೆಚ್ಚಾಯಿತು. ದೊಡ್ಡ ಮಕ್ಕಳ ಜೊತೆ ಮಾತ್ರ ಮಾತಾಡಬೇಕು. ಚಿತ್ರ ಮುಗಿದ ಮೇಲೆ, ದಾರಿಯಲ್ಲಿ, ಊಟದ ಹೊತ್ತಿನಲ್ಲಿ, ಅವರಾಗಿ ಕೇಳಿದಷ್ಟೂ ಮಾತಾಡಬೇಕು.

ನಮ್ಮ ದೇಶದ ಅನಿಮೇಷನ್ನಿಗೂ ನಮ್ಮ ಜಿಲ್ಲೆಗೂ ಇನ್ನೊಂದು ಸಂಬಂಧವುಂಟು. ಚಿತ್ರಮಂದಿರಗಳಲ್ಲಿ ಜನ ಮುಗಿಬಿದ್ದು ನೋಡಿದ ‘ಹನುಮಾನ್’ ಅನಿಮೇಷನ್ ಚಿತ್ರ 2005ರದು. ಅದರ ಕಥಾನಾಯಕ ಹುಟ್ಟಿದ ಅಂಜನಾದ್ರಿ ಇಲ್ಲೇ ಗಂಗಾವತಿ ತಾಲ್ಲೂಕಿನ ಆನೆಗೊಂದಿಯ ಹತ್ತಿರ ಎಂದು ನಂಬಿ ಬದುಕುವವರು ನಾವು. 2012ರಲ್ಲಿ ಹೈದರಾಬಾದಿನ ರಾಜೀವ್ ಚಿಲಕ ಅವರು ಛೋಟಾ ಭೀಮನನ್ನು ಟಿವಿಯಿಂದ ಚಿತ್ರಮಂದಿರಕ್ಕೆ ತಂದಾಗ ಅವನ ಎದುರಿಗೆ ನಿಲ್ಲಿಸಿದ್ದು ಶಾಪಗ್ರಸ್ತ ದುಷ್ಟ ದಮ್ಯಾನನನ್ನು. ಲಾಡು ತಿನ್ನುವ ಹುಡುಗನಿಗೂ ಒಬ್ಬ ಅಂಜಿಸುವ ಎದುರಾಳಿ ಬೇಕೇ ಬೇಕಾಯಿತು.

ಹೊರದೇಶದ ಚಿತ್ರಗಳಲ್ಲಿ ನನಗೆ ಬಹಳ ಹಿಡಿಸಿದ್ದು 2017ರ ‘ಕೋಕೊ’. ಮೆಕ್ಸಿಕೋ ದೇಶದಲ್ಲಿ ಸತ್ತ ಹಿರಿಯರು ವರ್ಷಕ್ಕೊಮ್ಮೆ ಮನೆಗೆ ಬರುತ್ತಾರೆಂದು ಹಬ್ಬ ಮಾಡುತ್ತಾರೆ. ಭಾವಚಿತ್ರ ಇಟ್ಟು, ಚೆಂಡುಹೂವು ಹರಡಿ, ಅವರಿಗೆ ಪ್ರಿಯವಾದ ಅಡುಗೆ ಇಡುತ್ತಾರೆ. ಮಿಗೆಲ್ ಎಂಬ ಹುಡುಗ ಆ ರಾತ್ರಿ ಸತ್ತವರ ಲೋಕಕ್ಕೆ ಹೋಗಿಬಿಡುತ್ತಾನೆ. ಅಲ್ಲಿರುವವರೆಲ್ಲ ಎಲುಬಿನ ಗೂಡುಗಳು. ಮೊದಲು ಅಂಜಿಕೆ. ಸ್ವಲ್ಪ ಹೊತ್ತಿಗೆ ಆ ಎಲುಬಿನ ಗೂಡುಗಳಲ್ಲಿ ಒಬ್ಬಾಕೆ ಮುತ್ತಜ್ಜಿಯ ಅವ್ವ, ಇನ್ನೊಬ್ಬ ಅವಳ ಗಂಡ ಎಂದು ಗೊತ್ತಾಗುತ್ತದೆ. ಭೂಮಿಯ ಮೇಲೆ ನೆನೆಯುವವರು ಯಾರೂ ಉಳಿಯದಿದ್ದರೆ ಅಲ್ಲಿಯೂ ಅವರು ಮರೆಯಾಗುತ್ತಾರೆ. ಮಹಾಲಯ ಅಮಾವಾಸ್ಯೆಗೆ ಹಿರಿಯರ ಹಬ್ಬ ಮಾಡಿ, ಹೊಸ ಬಟ್ಟೆ ಇಟ್ಟು, ಎಡೆ ಹಿಡಿಯುವ ನಮ್ಮ ಮನೆಗಳಲ್ಲಿ ಈ ಕತೆಯನ್ನು ಬಿಡಿಸಿ ಹೇಳುವ ಅಗತ್ಯವಿಲ್ಲ. ಟಿವಿಯಲ್ಲಿ ಅದನ್ನು ನೋಡಿದ ನನ್ನ ಮೊಮ್ಮಗ ಆ ವರ್ಷದ ಹಬ್ಬದಲ್ಲಿ ಗೋಡೆಯ ಮೇಲಿನ ಪ್ರತಿಯೊಂದು ಫೋಟೋ ತೋರಿಸಿ ಇವರು ಯಾರು, ಇವರಿಗೇನು ಇಷ್ಟ ಎಂದು ಕೇಳಿದ. ತನ್ನ ಮುತ್ತಜ್ಜನಿಗೆ ಒಗ್ಗರಣಿ ಮಿರ್ಚಿ ಇಷ್ಟ ಎಂದು ತಿಳಿದ ಮೇಲೆ ಎಡೆಯಲ್ಲಿ ಅದೂ ಇರಬೇಕು ಎಂದು ಹಟ ಹಿಡಿದ. ಇಟ್ಟೆವು.

ಈಗ ನನ್ನ ಮನಸ್ಸಿಗೆ ಬಹಳ ಹತ್ತಿರದ, ಬಹಳ ಕಳವಳದ ಒಂದು ಮಾತು. ಚಿತ್ರಮಂದಿರಕ್ಕೆ ಹೋದರೆ ಮಗು ಬೆಚ್ಚುತ್ತದೆ ಎಂದು ತಡೆಯುವ ಮನೆಗಳಲ್ಲೇ ರಾತ್ರಿ ಹೊದಿಕೆಯ ಒಳಗೆ ಮೊಬೈಲಿನ ಬೆಳಕು ಕಾಣುತ್ತದೆ. ಅದರಲ್ಲಿ ದೆವ್ವದ ತುಣುಕುಗಳಿಗೆ ಬರವಿಲ್ಲ. ಒಮ್ಮೆಲೇ ಕಿರುಚಿ ಎದುರಿಗೆ ಬರುವ ಮುಖ, ಯಾವುದೋ ಊರಿನ ಹಾಳು ಮನೆ, ನಿಜವೆಂದು ನಂಬಿಸುವ ದನಿ. ಒಂದು ಮುಗಿಯುವಷ್ಟರಲ್ಲಿ ಇನ್ನೊಂದು ತಾನಾಗಿ ಶುರುವಾಗುತ್ತದೆ. ಅಲ್ಲಿ ಪ್ರಹ್ಲಾದನ ತಲೆಯ ಮೇಲೆ ಕೈ ಇಡುವ ಕೊನೆ ಇಲ್ಲ. ನಡುವೆ ಬಂದು ನಗಿಸುವ ಕಿಳ್ಳೇಕ್ಯಾತ ಇಲ್ಲ. ಮಧ್ಯಂತರದ ದೀಪ ಇಲ್ಲ, ಮೊಣಕಾಲ ಮೇಲೆ ಕೈ ಇಡುವ ಪಕ್ಕದ ಕುರ್ಚಿಯ ಅಜ್ಜಿ ಇಲ್ಲ. ಹೀಗೆ ಅಂಜಿದ ಮಗು ಬೆಳಿಗ್ಗೆ ಬಾಯಿ ಬಿಡುವುದಿಲ್ಲ, ಯಾಕೆಂದರೆ ಮೊಬೈಲು ಕದ್ದು ನೋಡಿದ್ದಕ್ಕೆ ಬೈಗುಳ ಬೀಳುತ್ತದೆ. ಅಂಜಿಕೆಯ ಜೊತೆಗೆ ಅದನ್ನು ಮುಚ್ಚಿಟ್ಟುಕೊಳ್ಳುವ ಭಾರವೂ ಆ ಸಣ್ಣ ಜೀವಕ್ಕೆ. ನನ್ನ ಮೂವತ್ತೈದು ವರ್ಷಕ್ಕೂ ಮೀರಿದ ಮಾಸ್ತರಿಕೆಯ ಕೊನೆಯ ದಿನಗಳಲ್ಲಿ, ತರಗತಿಯಲ್ಲಿ ಕಾರಣವಿಲ್ಲದೆ ತೂಕಡಿಸುವ, ಒಬ್ಬರೇ ಶೌಚಾಲಯಕ್ಕೆ ಹೋಗಲು ಒಲ್ಲೆ ಎನ್ನುವ ಮಕ್ಕಳನ್ನು ಕಂಡಿದ್ದೇನೆ. ಹತ್ತಿರ ಕರೆದು ಕೂರಿಸಿ ಮಾತಾಡಿಸಿದರೆ ಕೊನೆಗೆ ಹೊರಬೀಳುತ್ತಿದ್ದುದು ಇಂಥದೇ ಒಂದು ತುಣುಕು.

ಅದಕ್ಕೆ ತಾಯಂದಿರಿಗೆ ನನ್ನ ಉತ್ತರ ಇಷ್ಟು. ಕರೆದುಕೊಂಡು ಹೋಗಿ, ಆದರೆ ನೀವೂ ಹೋಗಿ. ಮಕ್ಕಳನ್ನು ಒಳಗೆ ಬಿಟ್ಟು ನೀವು ಪೇಟೆಗೆ ಹೋಗಬೇಡಿ. ತೀರ ಸಣ್ಣವರನ್ನು ಇಂಥ ಚಿತ್ರಕ್ಕೆ ಕರೆಯಬೇಡಿ, ಮನೆಯಲ್ಲಿ ಅಜ್ಜಿಯ ಹತ್ತಿರ ಇರಲಿ. ರಾತ್ರಿ ಆಟಕ್ಕಿಂತ ಹಗಲಿನ ಆಟ ಒಳ್ಳೆಯದು, ಹೊರಗೆ ಬಂದಾಗ ಕಣ್ಣಿಗೆ ಬಿಸಿಲು ಬೀಳಬೇಕು. ಬಾಗಿಲ ಕಡೆಯ ಕುರ್ಚಿ ಹಿಡಿಯಿರಿ, ಮಗು ಹೊರಗೆ ಹೋಗೋಣ ಅಂದರೆ ದುಡ್ಡಿನ ಮುಖ ನೋಡದೆ ಎದ್ದು ಬನ್ನಿ. ಕಣ್ಣು ಮುಚ್ಚಿಕೊಂಡವರ ಕೈಯನ್ನು ಎಳೆದು ತೆಗೆಯಬೇಡಿ. ಬೆರಳ ಸಂದಿಯಿಂದ ಎಷ್ಟು ನೋಡಬೇಕೆಂದು ಅವರಿಗೇ ಗೊತ್ತು. ಅಂಜುಬುರುಕ ಎಂದು ನಾಲ್ಕು ಜನರ ಮುಂದೆ ಆಡಿಕೊಳ್ಳುವುದಂತೂ ಬೇಡವೇ ಬೇಡ.

ನಮ್ಮ ಶಾಲೆಗಳ ಎಸ್‌ಡಿಎಂಸಿಯವರಿಗೂ, ಊರ ಜಾತ್ರೆ ಮಾಡುವ ಹಿರಿಯರಿಗೂ ಒಂದು ಕೇಳಿಕೆ. ಜಾತ್ರೆಗೆ ನಾಟಕ ಕಂಪನಿ ಬರುತ್ತದೆ, ಆರ್ಕೆಸ್ಟ್ರಾ ಬರುತ್ತದೆ. ಅದರಲ್ಲಿ ಒಂದು ರಾತ್ರಿಯನ್ನು ತೊಗಲುಗೊಂಬೆಗೆ ಕೊಡಿ. ನಮ್ಮದೇ ಜಿಲ್ಲೆಯ ಕಲಾವಿದರನ್ನು ಮರ್ಯಾದೆಯಿಂದ ಕರೆಸಿ, ಕೊಡಬೇಕಾದ ಸಂಭಾವನೆಯನ್ನು ಚೌಕಾಶಿ ಮಾಡದೆ ಕೊಡಿ. ಪದ್ಮಶ್ರೀ ಬಂದಾಗ ಹಾರ ಹಾಕಿದವರು ಆಟಕ್ಕೆ ಕರೆಯದಿದ್ದರೆ ಗೊಂಬೆಗಳು ಪೆಟ್ಟಿಗೆಯಲ್ಲೇ ಒಣಗಿ ಸುರುಟಿಕೊಳ್ಳುತ್ತವೆ, ತೊಗಲಿಗೆ ಬೆಳಕೂ ಕೈಯೂ ಬೇಕು. ಮಕ್ಕಳನ್ನು ಮುಂದಿನ ಸಾಲಿನಲ್ಲಿ ಅವರವರ ಅವ್ವ, ಅಪ್ಪ, ಅಜ್ಜ, ಅಜ್ಜಿಯ ಜೊತೆ ಕೂರಿಸಿ. ಆಟ ಮುಗಿದ ಮೇಲೆ ಬೇಕಾದವರನ್ನು ಪರದೆಯ ಹಿಂದಕ್ಕೆ ಬಿಡಿ. ಅಷ್ಟೊತ್ತು ತಮ್ಮನ್ನು ಅಂಜಿಸಿದ ಮೈರಾವಣನ ಕಡ್ಡಿಯನ್ನು ಅವರೇ ಹಿಡಿಯಲಿ, ದೀಪದ ಹತ್ತಿರಕ್ಕೂ ಬಟ್ಟೆಯ ಹತ್ತಿರಕ್ಕೂ ಒಯ್ದು ನೋಡಲಿ, ಈಚೆ ಕೂತ ನಮ್ಮನ್ನು ಅಂಜಿಸಲಿ.